ಇಬ್ಬರ ಉಸಿರು

ನನ್ನ ಮಗಳು ಮುಕ್ತಾಳಿಗೆ ಡೌನ್ ಸಿಂಡ್ರೋಮ್ ಇದೆ. ನಿದ್ದೆಯಲ್ಲಿ ಅವಳ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ. ಅದಕ್ಕೇ ನಮ್ಮ ಓಣಿಯ ಇನ್ನಿಬ್ಬರು ಅಪ್ಪಂದಿರಂತೆ ನಾನೂ ನನ್ನ ಎದೆಗೊಂದು, ಮಗಳ ಎದೆಗೊಂದು ಉಸಿರುಪಟ್ಟಿ ಕಟ್ಟಿ ಮಲಗುತ್ತೇನೆ. ಅವಳ ಉಸಿರು ನಿಂತಾಗ ನನ್ನದು ಅವಳಿಗೆ ಹೋಗುತ್ತದೆ.

ತಿಂಗಳಿಡೀ ಇದನ್ನೇ ಹೇಳಿಕೊಂಡು ತಿರುಗಿದೆ. ಎದೆಯ ಪಟ್ಟಿ ಕಾಣಲೆಂದು ಕ್ಷೌರದಂಗಡಿಗೂ ಅಂಗಿಯ ಗುಂಡಿ ಬಿಚ್ಚಿಕೊಂಡೇ ಹೋದೆ. ಇಬ್ಬರ ಉಸಿರಾಡುವವನೆಂದು ಮನೆಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡೆ.

ಇಂದು ತಪಾಸಣೆಯಲ್ಲಿ ನರ್ಸ್ ಶಾಹೀನಾಗೆ ದೂರು ಬೇರೆ ಹೇಳಿದೆ: "ನನ್ನ ಉಸಿರು ತಗೊಂಡೂ ಸಾಲ್ಯಾಗ ತೂಕಡಸ್ತಾಳ ನೋಡ್ರಿ."

ಆಕೆ ಪಟ್ಟಿಯ ವರದಿ ಓದಿದಳು. "ಅಕೀದು ದಿನಾ ರಾತ್ರಿ ಒಂಬತ್ತ ಸಲ ನಿಲ್ತದ, ನೀವು ಕೊಡ್ತೀರಿ."

ನಾನು ಎದೆ ಉಬ್ಬಿಸಿದೆ.

"ನಿಮ್ದು ನಲವತ್ತ ಸಲ ನಿಲ್ತದರಿ. ಆಗ ಅಕೀನ ನಿಮಗ ಕೊಡ್ತಾಳ. ಕೂಸಿಗೆ ಸಾಲ್ಯಾಗ ನಿದ್ದಿ ಬರದ ಇರ್ತದೇನು?"

ಮೆಲ್ಲಗೆ ಗುಂಡಿ ಹಾಕಿಕೊಂಡೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಹೆಚ್ಚಿಗೆಯ ರೊಟ್ಟಿಯನ್ನು ಮಗಳ ತಟ್ಟೆಗೆ ಹಾಕಿದೆ. ಅವಳು ಅದನ್ನು ಮುರಿದು ದೊಡ್ಡ ತುಂಡನ್ನು ನನಗೇ ವಾಪಸು ಕೊಟ್ಟಳು.

"ನಿನಗ ಸಾಲಂಗಿಲ್ಲ, ಅಪ್ಪಾ."