ಹುಲ್ಲು ಡಾಕ್ಟರನ ನೀರುನಾಯಿ

ಮ್ಯೂಸಿಯಂನ ಹಿಂದಿನ ಗೇಟಿನಿಂದ ಹೊರಬೀಳುವಾಗ ಹುಲ್ಲು ಡಾಕ್ಟರನ ಕೋಟಿನೊಳಗೆ ಒಂದು ಸತ್ತ ನೀರುನಾಯಿ ಇತ್ತು.

ಕಾವಲುಗಾರ ಎದ್ದು ಸಲಾಮು ಹೊಡೆದ. "ಏನ್ ಸಾರ್, ಹೊಟ್ಟೆ ಬಂದುಬಿಟ್ಟಿದೆ?"

"ವಯಸ್ಸಾಯ್ತಲ್ಲಪ್ಪ," ಎಂದು ಡಾಕ್ಟರ ಹೊಟ್ಟೆಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ಹೆಜ್ಜೆ ಚುರುಕು ಮಾಡಿದ. ಕೋಟಿನ ಕೆಳಗೆ ಬಾಲ ಇಣುಕುತ್ತಿತ್ತು. ಮೂವತ್ತು ವರ್ಷ ನಿಯತ್ತಿನಿಂದ ದುಡಿದವನಿಗೆ ಕದಿಯುವುದಕ್ಕೂ ಅಭ್ಯಾಸ ಬೇಕೆಂದು ಅಂದು ಗೊತ್ತಾಯಿತು.

ಡಾಕ್ಟರನೆಂದರೆ ಗುಣಪಡಿಸುವವನೇನಲ್ಲ. ಅವನ ಕೈಗೆ ಬರುವ ಹೊತ್ತಿಗೆ ರೋಗಿಗಳೆಲ್ಲ ಸತ್ತಿರುತ್ತಿದ್ದರು. ಮ್ಯೂಸಿಯಂನ ಪ್ರಾಣಿಗಳ ಚರ್ಮದೊಳಗೆ ಹುಲ್ಲು ತುಂಬಿ ಹೊಲಿಯುವುದು, ಉದುರಿದ ಮೀಸೆ ಅಂಟಿಸುವುದು ಅವನ ಕೆಲಸ. ಹೆಸರು ಜೊತೆಯವರು ಇಟ್ಟದ್ದು. ಕೋಟಿನೊಳಗಿನದು ಅವನು ಕೆಲಸಕ್ಕೆ ಸೇರಿದ ವರ್ಷ ಹೊಲಿದ ನೀರುನಾಯಿ. ಅದರ ಎಡಗಿವಿಯನ್ನು ಹುಳು ತಿಂದು ಎಷ್ಟೋ ಕಾಲವಾಗಿತ್ತು. ನಾಳೆ ಹೊಸದು ಹೊಲಿಯುತ್ತೇನೆ ಎನ್ನುತ್ತಲೇ ಅವನ ನಿವೃತ್ತಿ ಹತ್ತಿರ ಬಂದಿತ್ತು.

ಇಷ್ಟಕ್ಕೆಲ್ಲ ಕಾರಣ ಮ್ಯೂಸಿಯಂ ಹಿಂದಿನ ಕಾಲುವೆ. ಒಂದು ಮುಂಜಾನೆ ಅಲ್ಲಿ ಅವನು ಜೀವಂತ ನೀರುನಾಯಿಯನ್ನು ಕಂಡಿದ್ದ. ಮೂರೇ ಕ್ಷಣ. ಅಷ್ಟಕ್ಕೇ ಕಣ್ಣು ತುಂಬಿ ಬಂದಿತ್ತು, ಏಕೆಂದರೆ ಬದುಕಿರುವುದೊಂದನ್ನು ಅವನು ನೋಡಿದ್ದು ಅದೇ ಮೊದಲು. ಅದೇ ವಾರ ನಗರಸಭೆಯವರು ಕಾಲುವೆಯನ್ನು ಕಾಂಕ್ರೀಟಿನಿಂದ ಮುಚ್ಚುತ್ತೇವೆಂದು ಬೋರ್ಡು ನೆಟ್ಟರು. ಡಾಕ್ಟರ ಎಂಜಿನಿಯರನ ಬಳಿ ಓಡಿದ.

"ಈ ತಿಂಗಳ ಕೊನೇ ಶುಕ್ರವಾರದೊಳಗೆ ಅದರ ಫೋಟೋ ತನ್ನಿ, ಕೆಲಸ ನಿಲ್ಲಿಸ್ತೀನಿ," ಎಂದ ಎಂಜಿನಿಯರ. "ಇಲ್ಲಾಂದ್ರೆ ಶನಿವಾರ ಲಾರಿ ಬರುತ್ತೆ."

ಹೆಂಡತಿಯ ತಮ್ಮ ತನ್ನ ಅಂಗಡಿಯಿಂದ ಒಂದು ಕಾವಲು ಕ್ಯಾಮೆರಾ ತಂದುಕೊಟ್ಟ. ಮರಕ್ಕೆ ಕಟ್ಟಿ ಬಂದರೆ ರಾತ್ರಿಯಿಡೀ ತಾನೇ ಕಾಯುವಂಥದ್ದು.

"ಭಾವ, ಸ್ವಲ್ಪ ಕೇಳಿಸ್ಕೊಳ್ಳಿ. ಎಲೆ ಅಲ್ಲಾಡಿದ್ರೆ ಇದು ಏಳಲ್ಲ. ಮೈ ಬಿಸಿ ಇರೋದು ಮುಂದೆ ಓಡಾಡಿದ್ರೆ ಮಾತ್ರ..."

"ಗೊತ್ತು ಬಿಡೋ. ಪ್ರಾಣಿ ವಿಷ್ಯ ನನಗೇ ಹೇಳ್ಕೊಡ್ತೀಯಾ?"

ಹತ್ತೊಂಬತ್ತು ರಾತ್ರಿ ಕ್ಯಾಮೆರಾ ಕಾದಿತು. ಇಲಿಗಳು ಸಿಕ್ಕವು, ಒಂದು ಕುಂಟು ಬೆಕ್ಕು ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಸಲ ಸಿಕ್ಕ ಪ್ರಾಣಿ ಡಾಕ್ಟರನೇ, ಅದೂ ಬ್ಯಾಟರಿ ಬದಲಿಸಲು ಬಗ್ಗಿದಾಗ, ಹಿಂದಿನಿಂದ. ಭಾವಮೈದುನ ಆ ಚಿತ್ರಗಳನ್ನು ನೋಡಿ, "ಇದೂ ಅಪರೂಪದ್ದೇ ಭಾವ," ಎಂದು ಬಿದ್ದು ಬಿದ್ದು ನಕ್ಕ.

ನಗದಿದ್ದವಳು ಹೆಂಡತಿಯೊಬ್ಬಳೇ. "ನೀವು ನೋಡ್ದೆ ಅಂದ್ರೆ ನೋಡಿದ್ದೀರಿ, ಅಷ್ಟೇ. ಸುಳ್ಳು ಹೇಳೋಕೆ ನಿಮಗೆಲ್ಲಿ ಬರುತ್ತೆ?"

ಅದಾಗಿ ಎರಡನೆಯ ದಿನ ಅವನು ನೀರುನಾಯಿಯನ್ನು ಕೋಟಿನೊಳಗೆ ತುರುಕಿದ್ದ. ಅಂದು ಗುರುವಾರ.

ಕಾಲುವೆಯ ದಂಡೆಯಲ್ಲಿ, ಕ್ಯಾಮೆರಾದಿಂದ ಹತ್ತು ಹೆಜ್ಜೆ ದೂರದಲ್ಲಿ ಅದನ್ನು ನಿಲ್ಲಿಸಿದ. ಕಿವಿಯಿಲ್ಲದ ಕಡೆ ಅತ್ತ, ಕಿವಿಯಿರುವ ಕಡೆ ಕ್ಯಾಮೆರಾದತ್ತ. ಈಗಷ್ಟೇ ಈಜಿ ಬಂದಂತೆ ಕಾಣಲಿ ಎಂದು ಮೈಮೇಲೆ ಒಂದು ತಂಬಿಗೆ ನೀರು ಸುರಿದ. "ಕ್ಷಮಿಸಪ್ಪ, ನಿನ್ನವರಿಗೋಸ್ಕರಾನೇ," ಎಂದು ಅದರ ತಲೆ ಸವರಿ ಮನೆಗೆ ಹೋದ.

ಬೆಳಿಗ್ಗೆ ಬಂದು ನೋಡಿದರೆ ನೀರುನಾಯಿ ಇಟ್ಟ ಜಾಗದಲ್ಲಿರಲಿಲ್ಲ. ಎರಡು ಮಾರು ಆಚೆ ಜೊಂಡಿನಲ್ಲಿ ಅಡ್ಡ ಬಿದ್ದಿತ್ತು. ಬೀದಿನಾಯಿಗಳಿಗೆ ಬಾಯಿಗೆ ಬಂದಂತೆ ಬೈದು, ಕೆಸರು ಒರೆಸಿ, ಮ್ಯೂಸಿಯಂ ತೆರೆಯುವ ಮೊದಲೇ ಅದನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿದ.

ಕ್ಯಾಮೆರಾದಲ್ಲಿ ಒಂಬತ್ತು ಚಿತ್ರಗಳಿದ್ದವು. ಎಂಟರಲ್ಲಿ ಒಳಗೆ ತುಂಬಿದ ಹುಲ್ಲು ಹುಲ್ಲಾಗಿಯೇ ಕಾಣುತ್ತಿತ್ತು. ಅವನ್ನು ಅಳಿಸಿ ಹಾಕಿದ. ಒಂಬತ್ತನೆಯದನ್ನು ನೋಡಿ ಅವನಿಗೇ ಮೈ ಜುಮ್ಮೆಂದಿತು. ಒದ್ದೆ ಮೈ ಮಿರಮಿರ ಮಿಂಚುತ್ತಿತ್ತು. ಮೀಸೆ ನಿಮಿರಿತ್ತು. ಮುಖ ನೇರ ಕ್ಯಾಮೆರಾದ ಕಡೆಗಿತ್ತು. ನಾಯಿಗಳು ತಳ್ಳಿದ ಏಟಿಗೆ ತಿರುಗಿರಬೇಕು. ನಾಯಿಗಳಿಗೂ ಕಲೆಯ ಕಣ್ಣಿರುತ್ತದೆ ಎಂದುಕೊಂಡ. ಎಂಥ ಜೀವಕಳೆ! ಮೂವತ್ತು ವರ್ಷದ ಹಿಂದೆ ತನ್ನ ಕೈ ಇಷ್ಟು ಪಳಗಿತ್ತೇ? ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹೆಂಡತಿಗೆ ತೋರಿಸಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಹೇಳ್ಲಿಲ್ವಾ?" ಅವನು ಅವಳ ಮುಖ ನೋಡದೆ ಚಪ್ಪಲಿ ಹುಡುಕತೊಡಗಿದ.

ನಗರಸಭೆಯಲ್ಲಿ ಎಂಜಿನಿಯರನ ಪಕ್ಕ ಅರಣ್ಯ ಇಲಾಖೆಯ ಮೇಡಂ ಕುಳಿತಿದ್ದರು. ಫೋಟೋವನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಚೆನ್ನಾಗಿದೆ ಸಾರ್! ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು."

ಎಂಜಿನಿಯರ ಪೆನ್ನು ತೆಗೆದ. ಒಂದು ಸಹಿ ಬಿದ್ದರೆ ಕಾಲುವೆ ಉಳಿಯುತ್ತಿತ್ತು. ಡಾಕ್ಟರ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹೆಂಡತಿಯ ಮಾತು ನೆನಪಾಯಿತು. ಅವಳು ಹೇಳಿದ್ದು ನಿಜ, ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಸಹಿ ಹಾಕ್ಬೇಡಿ ಸಾರ್. ಅದು ಸತ್ತಿದ್ದು. ನಾನೇ ಹೊಲಿದಿದ್ದು, ನಾನೇ ಇಟ್ಟಿದ್ದು. ಆದ್ರೆ ನಿಜವಾದ್ದು ಅಲ್ಲಿದೆ, ನಾನು ಕಣ್ಣಾರೆ ನೋಡಿದ್ದೀನಿ. ಬೇಕಾದ್ರೆ ಮ್ಯೂಸಿಯಂಗೆ ಬಂದು ನೋಡಿ. ಎಡಗಿವಿ ಇಲ್ದೇ ಇರೋದು, ಅದೇ ಇದು."

ಎಂಜಿನಿಯರ ಪೆನ್ನಿನ ಮುಚ್ಚಳ ಹಾಕಿ, ಲಾರಿಯವನಿಗೆ ಹೇಳಲು ಫೋನು ಎತ್ತಿಕೊಂಡ.

"ಒಂದ್ನಿಮಿಷ," ಎಂದರು ಮೇಡಂ. "ರಾತ್ರಿ ಪಕ್ಕದಲ್ಲೇ ಇದ್ರಾ?"

"ಇಲ್ಲ ಮೇಡಂ. ನಿಲ್ಸಿ ಮನೆಗೆ ಹೋದೆ."

"ಮತ್ತೆ ಕ್ಯಾಮೆರಾನ ಎಬ್ಬಿಸಿದ್ಯಾರು? ಹುಲ್ಲು ತುಂಬಿದ ಮೈ ಬಿಸಿ ಇರಲ್ವಲ್ಲ."

ಮೇಡಂ ಫೋಟೋವನ್ನೂ ಭೂತಗನ್ನಡಿಯನ್ನೂ ಡಾಕ್ಟರನತ್ತ ಸರಿಸಿದರು.

ಅವನ ಜೀವಮಾನದ ಅತ್ಯುತ್ತಮ ಕೆಲಸಕ್ಕೆ ಎರಡೂ ಕಿವಿಗಳಿದ್ದವು.