ಗಿಳಿಗಿನ್ನೂ ಭಯ ಹೋಗಿಲ್ಲ

ಹೊಸ ಗಿಳಿಯ ಪಂಜರವನ್ನು ಹಜಾರದ ಮೂಲೆಯಲ್ಲಿಟ್ಟು ಹೆಂಡತಿ ಟಿವಿ ಆರಿಸಿದಳು.

“ನ್ಯೂಸ್ ನೋಡ್ತಿದ್ದೆ ಕಣೇ!” ನಾಗಭೂಷಣ ಗುಡುಗಿದ.

“ಶ್! ಹೊಸ ಜಾಗ, ಪಾಪ ಹೆದರಿದೆ. ಕೂಗಾಟ ಕೇಳಿದ್ರೆ ಊಟಾನೇ ಬಿಟ್ಬಿಡುತ್ತಂತೆ, ಅಂಗಡಿಯವನು ಹೇಳಿದಾನೆ.”

“ಒಂಚೂರು ಸವರ್ಲಾ?”

“ಬೇಡಪ್ಪಾ! ಭಯ ಹೋಗೋವರೆಗೂ ಮುಟ್ಟೋ ಹಾಗಿಲ್ಲ.”

ಅಂದಿನಿಂದ ಅವನು ಕೂತಲ್ಲಿಂದಲೇ ‘ಕಾಫಿ’ ಎಂದು ಕೂಗುವುದನ್ನು ಬಿಟ್ಟು, ಅಡುಗೆಮನೆಗೇ ಹೋಗಿ ಮೆಲ್ಲಗೆ ಕೇಳತೊಡಗಿದ. ಪಕ್ಕದಲ್ಲಿ ಯಾರಾದರೂ ತಿಂದರೆ ಹಕ್ಕಿಯೂ ತಿನ್ನುತ್ತದೆಂದು ಅವಳು ಹೇಳಿದ್ದರಿಂದ, ತಟ್ಟೆ ಹಿಡಿದು ಪಂಜರದ ಬಳಿಯೇ ಕೂತ.

“ಹಾಗಲಕಾಯಿ ಪಲ್ಯ ಅಂತ ಮುಖ ಸಿಂಡರಿಸ್ಬೇಡಿ. ಅದು ನಿಮ್ಮನ್ನೇ ನೋಡ್ತಿದೆ.”

ಅವನು ಬಾಯಿ ಚಪ್ಪರಿಸಿಕೊಂಡು ತಿಂದ. ಗಿಳಿಗೆಂದು ಸೀಬೆಹಣ್ಣು ಹೆಚ್ಚಲು ಕಲಿತವನು, ಹೇಗೂ ಚಾಕು ಕೈಯಲ್ಲಿದೆಯಲ್ಲ ಎಂದು ಹುರುಳಿಕಾಯಿಯನ್ನೂ ಹೆಚ್ಚಿಕೊಟ್ಟ.

ತಿಂಗಳ ಮೇಲೆ ಹೆಂಡತಿಯ ತಂಗಿ ಬಂದಳು. “ಮೆತ್ತಗೆ ಮಾತಾಡಮ್ಮ, ಗಿಳಿಗಿನ್ನೂ ಭಯ ಹೋಗಿಲ್ಲ” ಎಂದು ಪಿಸುಗುಟ್ಟಿ, ಹಣ್ಣು ತರಲು ಅವನು ಚೀಲ ಹಿಡಿದು ಹೊರಟ.

ಗೇಟು ಹಾಕಿದ ಸದ್ದಾಗುತ್ತಲೇ ಅಕ್ಕ ಪಂಜರದ ಬಾಗಿಲು ತೆಗೆದಳು. ಗಿಳಿ ಹಾರಿ ಬಂದು ಅವಳ ಹೆಗಲ ಮೇಲೆ ಕೂತು, ಬೆರಳ ತುದಿಯ ಹಸಿಮೆಣಸಿನಕಾಯಿಯನ್ನು ಕಿತ್ತುಕೊಂಡಿತು.

“ಅಯ್ಯೋ ಅಕ್ಕಾ, ಇದು ಯಾವಾಗ ಪಳಗಿತು?”

“ಅಂಗಡಿಯಿಂದ ಬರೋವಾಗ್ಲೇ ಪಳಗಿತ್ತು ಕಣೇ. ಈಗ ಪಳಗ್ತಿರೋದು ನಿನ್ನ ಭಾವ.”