ಲೈಟ್ ಸೊಸೈಟಿಯ ಮೊದಲ ಸ್ವಿಚ್ಚು

ಬೆಂಗಳೂರಿನ ಹೊಸ ತಿಪ್ಪಸಂದ್ರದ ಎಲೆಕ್ಟ್ರಿಕಲ್ ಅಂಗಡಿಯವನು ನಮ್ಮ ಮನೆಯ ಸುಟ್ಟ ಸ್ವಿಚ್ಚನ್ನು ಮೂಸಿ, "ನೀರ್ ಬಿದ್ದಿದೆ ಮೇಡಂ, ಅದ್ಕೇ ಹೋಗಿದೆ" ಎಂದ. ಆ ಕಮಟು ವಾಸನೆ ನನಗೆ ಹಳೆಯ ಪರಿಚಯ.

ಉತ್ತರದ ಗಡಿಯ ನಮ್ಮೂರಿಗೆ ಕರೆಂಟು ತಂದದ್ದು ರೈತರೇ ಸೇರಿ ಕಟ್ಟಿದ ವಿದ್ಯುತ್ ಸಹಕಾರಿ ಸಂಘ. ಊರವರ ಬಾಯಲ್ಲಿ ಅದು ಲೈಟ್ ಸೊಸೈಟಿ. ಮನೆಮನೆ ತಿರುಗಿ ಸದಸ್ಯರನ್ನು ಮಾಡಿದವನು ನನ್ನ ಅಪ್ಪ. ಆದರೆ ಕಂಬ ನಿಂತದ್ದು ಪಕ್ಕದ ಕಾಕಾನ ಮನೆಯೆದುರು. ಹಾಗಾಗಿ ಮೊದಲ ದೀಪ ಅವರದೆಂದು, ಸ್ವಿಚ್ಚು ಒತ್ತುವ ಭಾಗ್ಯ ಅವನ ಮಗಳು ಕಸ್ತೂರಿಯದೆಂದು ನಿಶ್ಚಯವಾಯಿತು. ಅವಳು ಹೊಸ ಲಂಗ ಉಟ್ಟಿದ್ದಳು. ಅದರ ಬಣ್ಣ ನೆನೆದಾಗಲೆಲ್ಲ ಬದಲಾಗುತ್ತದೆ. ನನ್ನ ಕೈಗೆ ಅರಿಸಿನ ನೀರಿನ ತಂಬಿಗೆ ಕೊಟ್ಟಿದ್ದರು.

ಮನೆಗೆ ಹೊಸದೇನು ಬಂದರೂ ಪೂಜೆಯಾಗಬೇಕು. ಅಜ್ಜಿ ಕರಿಯ ಸ್ವಿಚ್ಚಿಗೆ ಕುಂಕುಮ ಹಚ್ಚಿದಳು.

"ನೀರ್ ಮಾತ್ರ ಹಾಕಬ್ಯಾಡ್ರಿ, ಅಜ್ಜಿ" ಎಂದ ಸೊಸೈಟಿಯ ಲೈನ್‌ಮನ್.

"ಒಂದ್ ಹನಿಗೆ ಏನಾಗ್ತದೋ ತಮ್ಮಾ?" ಎಂದು ಅಜ್ಜಿ ನನಗೆ ಸನ್ನೆ ಮಾಡಿದಳು.

"ಲಗೂ ಮಾಡು, ನಾ ಒತ್ತಬೇಕು" ಎಂದಳು ಕಸ್ತೂರಿ.

ನಾನು ತಂಬಿಗೆಯನ್ನೇ ಬಗ್ಗಿಸಿದೆ. ಚಟ್ ಎಂದಿತು. ಹೊಗೆ, ಕಮಟು.

"ಹುಡುಗಿಗೆ ಭಕ್ತಿ ಭಾಳ" ಎಂದಳು ಅಜ್ಜಿ. ಕಸ್ತೂರಿ ಅತ್ತಳು. ಅಪ್ಪ ನನ್ನ ಕೈಯಿಂದ ಖಾಲಿ ತಂಬಿಗೆ ಇಸಿದುಕೊಂಡ.

ಸಂಜೆ ಕಸ್ತೂರಿ ಎಂದಿನಂತೆ ಬರೆಯುವ ಪಾಟಿ ಹಿಡಿದು ಬಂದು ನಮ್ಮ ಕಂದೀಲಿನ ಆಚೆ ಬದಿ ಕೂತಳು. ಬೆಳಕು ಅವಳ ಕಡೆಗೇ ಹೆಚ್ಚು ಬೀಳುತ್ತಿತ್ತು. ಕಂದೀಲು ಹಾಗೆ ಉರಿಯುವುದಿಲ್ಲ, ಗೊತ್ತು. ನನ್ನ ನೆನಪಿನಲ್ಲಿ ಮಾತ್ರ ಅದು ಹಾಗೆಯೇ ಉರಿಯುತ್ತಿದೆ.